11 ವರ್ಷದ ಹಿಂದೆ ಕಲಿತಿದ್ದರಲ್ಲೇ ದಿನ ದೂಡುತ್ತಿದ್ದೇನೆ. ಹಾಸನದಲ್ಲಿದ್ದುಕೊಂಡು ಹೊಸದನ್ನು ಕಲಿಯುವುದು ಹೇಗೆ?

ಹೇಮಾವತಿ_ದಂಡೆ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ ನಾನು. ಗುತ್ತಿಗೆ ಕೆಲಸ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಆದ ಮೇಲೆ ಎರಡು ವರ್ಷದ ಎಂಫಿಲ್ ಮುಗಿಸಿ 11 ವರ್ಷ ಆಯಿತು.

ಮೊನ್ನೆ ವರ್ಷದ ಮೌಲ್ಯಮಾಪನದ ಫಾರಂ ಬಂತು. ಅದರಲ್ಲಿ ‘ಈ ಸಾಲಿನಲ್ಲಿ ಪಡೆದ ತರಬೇತಿ’ ಅಂತ ಒಂದು ಕಾಲಂ. ಹೋದ ವರ್ಷ ಅಡ್ಡಗೆರೆ ಎಳೆದು ಕೊಟ್ಟಿದ್ದೆ. ಈ ಸಲ ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಪಕ್ಕದ ಮೇಜಿನ ಕ್ಲಿನಿಕಲ್ ಸೈಕಾಲಜಿಸ್ಟ್ ನೋಡಿ, "ನಿಮಗೇನ್ರೀ ಚಿಂತೆ? ಪಾಯಿಂಟ್ ಸೇರಿಸದಿದ್ದರೆ ನನ್ನ ನೋಂದಣಿ ನವೀಕರಣ ಆಗಲ್ಲ. ನಿಮ್ಮನ್ನು ಕೇಳೋರೇ ಇಲ್ಲ" ಅಂತ ನಕ್ಕರು. ತಮಾಷೆಗೆ ಅಂದಿದ್ದೇ. ಆದರೆ ಮಾತು ನಿಜ.

ಇನ್ನೊಂದು ವಿಷಯವೂ ಇದೆ. ಕೆಲವು ತಿಂಗಳ ಹಿಂದೆ ಒಂದು ಉಚಿತ ಆನ್‌ಲೈನ್ ತರಗತಿಗೆ ಸೇರಿಕೊಂಡಿದ್ದೆ. ಒಲೆ ಮೇಲೆ ಸಾರು ಕುದಿಯುತ್ತಿತ್ತು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. ಆತ್ಮಹತ್ಯೆಯ ಯೋಚನೆ ಇರುವವರಿಂದ ‘ನಾನು ಜೀವಕ್ಕೆ ಅಪಾಯ ಮಾಡಿಕೊಳ್ಳುವುದಿಲ್ಲ’ ಅಂತ ಬರೆಸಿ ಸಹಿ ಹಾಕಿಸಿಕೊಳ್ಳುತ್ತೇವಲ್ಲ, ಅದರಿಂದ ಜೀವ ಉಳಿಯುತ್ತದೆ ಅನ್ನಲು ಆಧಾರ ಇಲ್ಲ, ಬರೆಸಿಕೊಂಡವರಿಗೆ ಧೈರ್ಯ ಬರುತ್ತದೆ ಅಷ್ಟೇ ಅಂದರು ಆ ಮೇಡಂ. ನಾನು ಒಲೆ ಆರಿಸಿದೆ. ನಾನು ಕಲಿತಿದ್ದೇ ಅದು. ಇಷ್ಟು ವರ್ಷ ಮಾಡಿದ್ದೂ ಅದೇ. ಮಾರನೇ ದಿನ ಬೀರು ತೆಗೆದು ಎಣಿಸಿದೆ. 43 ಹಾಳೆ. ಕೆಲವದರಲ್ಲಿ ಹೆಬ್ಬೆಟ್ಟು.

ಕೇಳಬೇಕಾಗಿದ್ದು ಇಷ್ಟು. ನಮ್ಮಂಥವರಿಗೆ ಕೆಲಸಕ್ಕೆ ಬರುವ ತರಬೇತಿ ಎಲ್ಲಿ ಸಿಗುತ್ತದೆ? ರಜೆ ಹಾಕಿ, ಸ್ವಂತ ದುಡ್ಡಲ್ಲಿ ಬೆಂಗಳೂರಿಗೆ ಹೋಗಿ ಬರಬೇಕಾ? ನೀವೆಲ್ಲ ಏನು ಮಾಡುತ್ತೀರಿ?

ಕಾಫಿ_ಹೂವು · 9:20

ಮೂಡಿಗೆರೆ ಕಡೆಯವಳು ನಾನು. ನನ್ನ ಬೀರುವಿನಲ್ಲೂ ಇವೆ ಅಕ್ಕ. ಎಣಿಸುವ ಧೈರ್ಯ ಇಲ್ಲ.

ರಾಜ್ಯಮಟ್ಟದ_ವೆಬಿನಾರ್ · 9:31

ತರಬೇತಿ ಬೇಕಾ, ಸರ್ಟಿಫಿಕೇಟ್ ಬೇಕಾ? ಮೊದಲು ಅದನ್ನು ಹೇಳಿ.

ಸರ್ಟಿಫಿಕೇಟ್ ಬೇಕಿದ್ದರೆ ನನ್ನ ಹತ್ತಿರ ಬನ್ನಿ. 2020ರ ಲಾಕ್‌ಡೌನಿನಲ್ಲಿ 61 ಸಂಪಾದಿಸಿದ್ದೇನೆ. ಯೂಟ್ಯೂಬ್ ಲೈವ್ ಹಾಕಿ ಸ್ನಾನಕ್ಕೆ ಹೋಗುವುದು. ಬಂದು ಫೀಡ್‌ಬ್ಯಾಕ್ ಫಾರಂನಲ್ಲಿ ‘ಅತ್ಯುತ್ತಮ’ ಒತ್ತುವುದು. ಐದು ನಿಮಿಷದಲ್ಲಿ ಮೇಲ್‌ಗೆ ಬಣ್ಣದ ಕಾಗದ, ಅದರಲ್ಲಿ ಏಳು ಜನರ ಸಹಿ. ಒಂದರಲ್ಲಿ ನನ್ನ ಹೆಸರಿನ ಹಿಂದೆ ಡಾಕ್ಟರ್ ಅಂತ ಹಾಕಿದ್ದರು. ನಮ್ಮಮ್ಮ ಅದನ್ನೇ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿದ್ದಾರೆ, ತೆಗೆಯಲು ಬಿಡುತ್ತಿಲ್ಲ.

ಅಷ್ಟರಲ್ಲೂ ನನಗೆ ನೆನಪಿರುವುದು ಒಂದೇ ತರಗತಿ. ಕುಡಿತ ಬಿಡಿಸುವ ಬಗ್ಗೆ ಇತ್ತು. ‘ಯಾಕೆ ಕುಡಿಯುತ್ತೀಯ’ ಅಂತ ಕೇಳಬೇಡಿ, ‘ಕುಡಿಯದ ದಿನ ಹೇಗಿರುತ್ತದೆ’ ಅಂತ ಕೇಳಿ ಅಂದರು. ಅದಕ್ಕೆ ಸರ್ಟಿಫಿಕೇಟೇ ಕೊಟ್ಟಿರಲಿಲ್ಲ.

ತೆಂಗಿನ_ಗರಿ · 9:44

ಮೇಡಂ, ಸಮಸ್ಯೆಯ ಬೇರು ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲೇ ಇದೆ. ಅವರಿಗೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು ಇದೆ. ನಮಗೆ ಹೇಳೋರು ಕೇಳೋರು ಇಲ್ಲ. ನಮ್ಮನ್ನೂ ಅಲ್ಲಿಗೇ ಸೇರಿಸಿ ಅಂತ ಎಲ್ಲರೂ ಸೇರಿ ಮನವಿ ಕೊಡಬೇಕು. ತರಬೇತಿಯ ಗಂಟೆ ಕಡ್ಡಾಯ ಆಗದೆ ಇಲಾಖೆ ರಜೆ ಕೊಡಲ್ಲ, ಕಾಸಂತೂ ಬಿಚ್ಚುವುದೇ ಇಲ್ಲ. ಅರಸೀಕೆರೆಯಿಂದ ಬರೆಯುತ್ತಿದ್ದೇನೆ, ಏಳು ವರ್ಷದಲ್ಲಿ ಒಂದೇ ಒಂದು ತರಬೇತಿಗೆ ಓಓಡಿ (ಕರ್ತವ್ಯದ ಮೇಲೆ ಹೋಗುವ ಅನುಮತಿ) ಸಿಕ್ಕಿದೆ. ಅದೂ ಕೋವಿಡ್ ಬಗ್ಗೆ.

ಕಡತ_ಗೋಪಾಲ · 9:58

ತೆಂಗಿನ ಗರಿ ಸರ್, ಸ್ವಲ್ಪ ತಿದ್ದುತ್ತೇನೆ, ಬೇಜಾರು ಬೇಡ.

ಆರ್‌ಸಿಐ ಇರುವುದು 1992ರ ಕಾಯ್ದೆಯ ಕೆಳಗೆ, ಪುನರ್ವಸತಿ ಕ್ಷೇತ್ರದವರಿಗೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಅಲ್ಲಿಗೆ ಬರುತ್ತಾರೆ. ಅವರು ಅನ್ನುವ ಪಾಯಿಂಟ್ ಅಂದರೆ ಸಿಆರ್‌ಇ, ಪುನರ್ವಸತಿ ಕ್ಷೇತ್ರದವರ ಮುಂದುವರಿಕೆ ಕಲಿಕೆಯದು. ನಮ್ಮ ಹೆಸರು ಇರುವುದು ಬೇರೆ ಕಡೆ. 2021ರಲ್ಲಿ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತಲ್ಲ, ಅದರ ಅನುಸೂಚಿ ತೆಗೆದು ನೋಡಿ. ಕ್ಲಿನಿಕಲ್, ಸೈಕಿಯಾಟ್ರಿಕ್, ಮೆಡಿಕಲ್ ಸೋಷಿಯಲ್ ವರ್ಕರ್ ಮೂರೂ ಹೆಸರು ಹಾಕಿ ಬರೆದಿದ್ದಾರೆ. ಆ ಕಾಯ್ದೆ ಪ್ರಕಾರ ಪ್ರತಿ ರಾಜ್ಯಕ್ಕೂ ಒಂದು ಪರಿಷತ್ತು ಇರಬೇಕು. ಮನವಿ ಕೊಡುವುದಾದರೆ ಆ ಬಾಗಿಲಿಗೆ ಕೊಡಿ. ಪಕ್ಕದ ಮನೆ ಬಾಗಿಲು ತಟ್ಟಿ ಏನು ಪ್ರಯೋಜನ?

ತೆಂಗಿನ_ಗರಿ · 10:03

ಸರಿ ಸರ್, ಒಪ್ಪಿದೆ. ಬಾಗಿಲು ಯಾವುದಾದರೂ ಆಗಲಿ, ತೆಗೆಯಬೇಕಲ್ಲ.

ಹೊಸಬ_ಕಡೂರು · 10:10

ನನ್ನದೊಂದು ಸಂಶಯ. ನಾನು ಬರೀ ಎಂಎಸ್‌ಡಬ್ಲ್ಯು. ವ್ಯಸನಮುಕ್ತಿ ಕೇಂದ್ರದಲ್ಲಿ ಕೆಲಸ. ದಿನಾ ಮಾಡುವುದು ಆಪ್ತಸಮಾಲೋಚನೆಯೇ, ಆದರೆ ಕಾನೂನಿನ ಲೆಕ್ಕದಲ್ಲಿ ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಅಲ್ಲ ಅನ್ನುತ್ತಾರೆ. ಎಂಫಿಲ್ ಮಾಡೋಣ ಅಂದರೆ ಅದನ್ನು ನಿಲ್ಲಿಸಿಯೇ ಬಿಟ್ಟರಂತೆ. ನಾನು ಎಲ್ಲಿಗೆ ಹೋಗಲಿ?

ಕಡತ_ಗೋಪಾಲ · 10:26

ಮೊದಲನೆಯದು ಹೌದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಜೊತೆಗೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಕೇಳಿದ್ದಾರೆ.

ಎರಡನೆಯದು ಅರ್ಧ ನಿಜ. ಯುಜಿಸಿ ಎಂಫಿಲ್ ಪದವಿಯನ್ನು ನಿಲ್ಲಿಸಿದ್ದು ಹೌದು. ಆದರೆ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ನೇ ಸಾಲಿನವರೆಗೆ ಅವಕಾಶ ಕೊಟ್ಟಿತು. ಅವಸರದಲ್ಲಿ ವಾಟ್ಸಾಪ್ ನಂಬಿ ಅರ್ಜಿ ಹಾಕದೆ ಬಿಟ್ಟವರು ನನಗೇ ಇಬ್ಬರು ಗೊತ್ತು.

ನಿಮಗೆ ಇನ್ನೊಂದು ದಾರಿ ಇದೆ. ನಿಮ್ಹಾನ್ಸ್ 2018ರಲ್ಲಿ ಡಿಜಿಟಲ್ ಅಕಾಡೆಮಿ ಶುರು ಮಾಡಿದೆ. ವೈದ್ಯರು, ಸೈಕಾಲಜಿಸ್ಟ್‌ಗಳು, ಸಮಾಜ ಕಾರ್ಯಕರ್ತರು, ನರ್ಸ್‌ಗಳು, ನಾಲ್ಕೂ ಗುಂಪಿಗೆ ಸಮುದಾಯ ಮಾನಸಿಕ ಆರೋಗ್ಯದ ಡಿಪ್ಲೊಮಾ ಇದೆ. ಕೆಲಸ ಬಿಡದೆ ಮಾಡಬಹುದು. ಅದು ಎಂಫಿಲ್‌ಗೆ ಸಮ ಅಲ್ಲ, ಅದನ್ನು ತಿಳಿದೇ ಸೇರಿ. ಕಲಿಯುವುದಕ್ಕೆ ಚೆನ್ನಾಗಿದೆ.

ಸಕಲೇಶಪುರದ_ಸ್ಯಾನ್‌ಹೋಸೆ · 10:41

ಇಲ್ಲಿ ಈಗ ಬೆಳಗ್ಗೆ, ಕಾಫಿ ಕುಡಿಯುತ್ತಾ ಓದುತ್ತಿದ್ದೇನೆ. ಕಾಫಿ ಅಂದರೆ ಇಲ್ಲಿಯ ಕಾಫಿ. ಅದರ ಬಗ್ಗೆ ಏನೂ ಹೇಳಲ್ಲ.

ನಾನು ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇರುವ ಕ್ಲಿನಿಕಲ್ ಸೋಷಿಯಲ್ ವರ್ಕರ್. ಇಲ್ಲಿ ಎರಡು ವರ್ಷಕ್ಕೊಮ್ಮೆ ನವೀಕರಣ, ಪ್ರತಿ ಸಲ 36 ಗಂಟೆ ಕಲಿಕೆ ತೋರಿಸಬೇಕು. ಅದರಲ್ಲಿ 6 ಗಂಟೆ ಕಾನೂನು ಮತ್ತು ವೃತ್ತಿನೀತಿಗೇ ಮೀಸಲು. ಆತ್ಮಹತ್ಯೆಯ ಅಪಾಯ ಗುರುತಿಸುವ 6 ಗಂಟೆಯ ತರಬೇತಿ ಒಮ್ಮೆಯಾದರೂ ಆಗಿರಲೇಬೇಕು ಅಂತ 2021ರಿಂದ ನಿಯಮ ಬಂತು. ರಾಜ್ಯ ಬದಲಾದರೆ ಲೆಕ್ಕವೂ ಬದಲು. ನ್ಯೂಯಾರ್ಕಿನಲ್ಲಿ ಇದೇ 36 ಗಂಟೆ ಮೂರು ವರ್ಷಕ್ಕೆ.

ಕೇಳಲು ಚೆನ್ನಾಗಿದೆ ಅಲ್ವಾ? ಈಗ ಒಳಗಿನ ಮಾತು. ನವೀಕರಣದ ಹಿಂದಿನ ವಾರ ನನ್ನ ಗೆಳತಿಯರೆಲ್ಲ ಲ್ಯಾಪ್‌ಟಾಪಿನಲ್ಲಿ ವಿಡಿಯೊ ಓಡಿಸಿ ಪಕ್ಕದಲ್ಲಿ ಬಟ್ಟೆ ಮಡಚುತ್ತಿರುತ್ತಾರೆ. ನಾನೂ ಮಡಚಿದ್ದೇನೆ. ಕೊನೆಯ ಪ್ರಶ್ನೆಪತ್ರಿಕೆಯನ್ನು ವಿಡಿಯೊ ನೋಡದೆಯೇ ಪಾಸ್ ಮಾಡಬಹುದು. ಕಡ್ಡಾಯ ಆದ ತಕ್ಷಣ ಕಲಿತುಬಿಡುತ್ತೇವೆ ಅಂತ ನಂಬಬೇಡಿ.

ಆದರೆ ಒಂದು ಒಳ್ಳೆಯದು ಇದೆ. ಲೈಸೆನ್ಸ್ ಬರುವ ಮೊದಲಿನ ವರ್ಷಗಳಲ್ಲಿ ವಾರಕ್ಕೊಮ್ಮೆ ಹಿರಿಯರೊಬ್ಬರ ಮುಂದೆ ಕೂತು ನಮ್ಮ ಕೇಸು ಹೇಳಬೇಕು. ಕಲಿತಿದ್ದೆಲ್ಲ ಅಲ್ಲೇ.

ರಾಜ್ಯಮಟ್ಟದ_ವೆಬಿನಾರ್ · 10:47

ಅಲ್ಲಿ ಬಟ್ಟೆ ಮಡಚುವುದು, ಇಲ್ಲಿ ಸ್ನಾನ. ಜಗತ್ತೆಲ್ಲ ಒಂದೇ.

ವೈದ್ಯ_ಚನ್ನರಾಯಪಟ್ಟಣ · 10:55

ನಮಗೂ ಐದು ವರ್ಷಕ್ಕೆ 30 ಗಂಟೆ ಸಿಎಂಇ, ಅಂದರೆ ವೈದ್ಯರ ಮುಂದುವರಿಕೆ ಕಲಿಕೆ ಇದೆ. ಅರ್ಧ ಗಂಟೆ ಪಾಠ, ಎರಡು ಗಂಟೆ ಊಟ. ಊಟದಲ್ಲೇ ಜಾಸ್ತಿ ಕಲಿತಿದ್ದೇನೆ ಅಂದರೆ ನಗಬೇಡಿ, ಪಕ್ಕದ ತಾಲ್ಲೂಕಿನ ಡಾಕ್ಟರ್ ಸಿಗುವುದು ಅಲ್ಲೇ.

ತೆಂಗಿನ ಗರಿಯವರ ಮಾತಿಗೆ ನನ್ನ ಬೆಂಬಲ ಇದೆ. ಕಡ್ಡಾಯ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಅಷ್ಟೂ ಮಾಡುತ್ತಿರಲಿಲ್ಲ.

ಕಾಫಿ_ಹೂವು · 11:08

ಡಾಕ್ಟ್ರೇ, ನಿಮಗೆ ಊಟ ಹಾಕಲು ಔಷಧಿ ಕಂಪನಿ ಇದೆ. ನಮ್ಮ ಹತ್ತಿರ ಮಾರಲು ಏನೂ ಇಲ್ಲ. ನಮಗೆ ಕಡ್ಡಾಯ ಮಾಡಿದರೆ ದುಡ್ಡು ನಮ್ಮ ಕೈಯಿಂದಲೇ. ಹೋದ ವರ್ಷ ಬೆಂಗಳೂರಿನ ಒಂದು ಸಂಸ್ಥೆಯ ಎರಡು ದಿನದ ಕಾರ್ಯಾಗಾರಕ್ಕೆ 6,500 ರೂಪಾಯಿ ಕೊಟ್ಟೆ. ಬಸ್ಸು, ಲಾಡ್ಜು ಬೇರೆ. ಮೊದಲ ದಿನ ಮಧ್ಯಾಹ್ನದವರೆಗೆ ದೀಪ ಬೆಳಗಿಸಿದರು, ಶಾಲು ಹೊದಿಸಿದರು. ಆಮೇಲೆ ಬಲೂನು ಊದಿಸಿ ‘ನಿಮ್ಮ ಒತ್ತಡವನ್ನು ಇದರೊಳಗೆ ತುಂಬಿ’ ಅಂದರು. 6,500 ರೂಪಾಯಿಯ ಬಲೂನು.

ತೆಂಗಿನ_ಗರಿ · 11:12

ನೀವು ಒಂದು ಕೆಟ್ಟ ಕಾರ್ಯಾಗಾರ ತೋರಿಸಿ ನಿಯಮವೇ ಬೇಡ ಅಂದರೆ ಹೇಗೆ? ಆ ಸಂಸ್ಥೆಗೆ ಮಾನ್ಯತೆ ಕೊಡುವವರು, ಕಿತ್ತುಕೊಳ್ಳುವವರು ಯಾರಾದರೂ ಇದ್ದಿದ್ದರೆ ಬಲೂನು ಊದಿಸುತ್ತಿದ್ದರಾ?

ಕಾಫಿ_ಹೂವು · 11:15

ಆಗ ಮಾನ್ಯತೆ ಪಡೆದ ಬಲೂನು ಊದಿಸುತ್ತಿದ್ದರು ಮಾರಾಯ್ರೆ.

ಲೈನ್‌ಮನೆ_ದಾರಿ · ಸೋಮವಾರ ಬೆಳಗ್ಗೆ 7:30

ರಾತ್ರಿ ಓದಿ ಮಲಗಿದೆ, ನಿದ್ದೆ ಸರಿಯಾಗಿ ಬರಲಿಲ್ಲ. ಚಿಕ್ಕಮಗಳೂರು ಕಡೆ ತೋಟಗಳ ಸುತ್ತ ಕೆಲಸ ನನ್ನದು.

ಹೋದ ಕೊಯ್ಲಿನಲ್ಲಿ, ತೋಟದ ಕೆಲಸಗಾರರು ಇರುವ ಒಂದು ಲೈನ್ ಮನೆಗೆ ಹೋಗಿದ್ದೆ. ಅಸ್ಸಾಮಿನಿಂದ ಬಂದ ಸಂಸಾರ. ಹೆಂಗಸು ಮೂರು ವಾರದಿಂದ ಕೆಲಸಕ್ಕೆ ಬಂದಿಲ್ಲ, ಊಟ ಬಿಟ್ಟಿದ್ದಾಳೆ ಅಂತ ಆಶಾ ಕಾರ್ಯಕರ್ತೆ ಕರೆದಿದ್ದರು. ಅವಳಿಗೆ ಕನ್ನಡ ಬರಲ್ಲ, ನನ್ನ ಹಿಂದಿ ಅವಳಿಗೆ ಅರ್ಥ ಆಗಲ್ಲ. ಒಂಬತ್ತು ವರ್ಷದ ಮಗ ಇಲ್ಲಿಯ ಶಾಲೆಗೆ ಹೋಗುತ್ತಾನೆ, ಕನ್ನಡ ಪಟಪಟ ಮಾತಾಡುತ್ತಾನೆ. ಸರಿ, ಅವನ ಮೂಲಕವೇ ಕೇಳಿದೆ. ನಿದ್ದೆ ಬರುತ್ತಾ, ಹಸಿವು ಆಗುತ್ತಾ ಎಲ್ಲ ಆಯಿತು. ‘ಮನೆಯಲ್ಲಿ ಯಾರಾದರೂ ಹೊಡೀತಾರಾ ಕೇಳಪ್ಪ’ ಅಂದೆ. ಹುಡುಗ ಅಮ್ಮನಿಗೆ ಏನೂ ಹೇಳಲಿಲ್ಲ. ನನ್ನ ಕಡೆಗೇ ತಿರುಗಿ, "ಇಲ್ಲ ಆಂಟಿ" ಅಂದ. ಬಾಗಿಲ ಹೊರಗೆ ಅವನಪ್ಪ ಬೀಡಿ ಸೇದುತ್ತಾ ನಿಂತಿದ್ದ.

ಮಗುವನ್ನು ದುಭಾಷಿ ಮಾಡಬಾರದು ಅಂತ ಆಮೇಲೆ ಓದಿ ತಿಳಿದುಕೊಂಡೆ. ಎರಡು ವರ್ಷದ ಎಂಎಸ್‌ಡಬ್ಲ್ಯುನಲ್ಲಿ ಒಬ್ಬರೂ ಹೇಳಿರಲಿಲ್ಲ. ಹೇಳಿದ್ದರೂ ಆ ದಿನ ಬೇರೆ ಯಾರು ಸಿಗುತ್ತಿದ್ದರು, ಅದು ಬೇರೆ ಮಾತು. ನಮಗೆ ಬೇಕಾದ ಪಾಠ ಇಂಥದ್ದು. ‘ಧನಾತ್ಮಕ ಚಿಂತನೆ’ ಬಗ್ಗೆ ಇನ್ನೊಂದು ಉಪನ್ಯಾಸ ಕೇಳಿದರೆ ನಾನೇ ರೋಗಿ ಆಗುತ್ತೇನೆ.

ಹೇಮಾವತಿ_ದಂಡೆ · 7:52

ಆಮೇಲೆ ಏನಾಯಿತು ಅವಳಿಗೆ?

ಲೈನ್‌ಮನೆ_ದಾರಿ · 8:04

ಪಕ್ಕದ ತೋಟದಲ್ಲಿ ಅದೇ ಭಾಷೆಯ ಹಿರಿಯ ಹೆಂಗಸೊಬ್ಬರು ಸಿಕ್ಕಿದರು. ಎರಡನೇ ಸಲ ಅವರ ಜೊತೆ ಹೋದೆ, ಗಂಡಸರೆಲ್ಲ ಕಾಫಿ ತೂಕಕ್ಕೆ ಹಾಕಲು ಹೋದ ಹೊತ್ತಿಗೆ. ಅರ್ಧ ಗಂಟೆ ಅತ್ತಳು. ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು, ಔಷಧಿ ಶುರುವಾಯಿತು. ಕೊಯ್ಲು ಮುಗಿದ ಮೇಲೆ ಊರಿಗೆ ಹೋದರು. ಅಲ್ಲಿಂದ ಮುಂದೆ ಗೊತ್ತಿಲ್ಲ.

ಘಾಟಿ_ಮಳೆ · 8:20

ಮಧ್ಯೆ ಬಾಯಿ ಹಾಕುತ್ತೇನೆ. ಸಕಲೇಶಪುರ, ಬೇಲೂರು ಕಡೆ ಫೀಲ್ಡಿಗೆ ಹೋಗುವವರು ಹೊರಡುವ ಮುಂಚೆ ಆನೆ ಎಲ್ಲಿದೆ ಅಂತ ವಿಚಾರಿಸಿ ಹೋಗಿ. ಹೋದ ವಾರ ಒಂದು ಮನೆ ಭೇಟಿಗೆ ಅಂತ ಬೈಕಲ್ಲಿ ಹೋಗಿ, ರಸ್ತೆ ಮೇಲೆ ಒಂಟಿ ಸಲಗ ನಿಂತಿದ್ದು ಕಂಡು ಹಾಗೇ ತಿರುಗಿಸಿಕೊಂಡು ಬಂದೆ. ವರದಿಯಲ್ಲಿ ‘ಭೇಟಿ ಸಾಧ್ಯವಾಗಲಿಲ್ಲ’ ಅಂತ ಬರೆದರೆ ಮೇಲಿನವರು ಕಾರಣ ಕೇಳಿದರು. ಆನೆ ಅಂತ ಬರೆದೆ. ದಾಖಲೆ ಲಗತ್ತಿಸಿ ಅಂದರು.

ರಾಜ್ಯಮಟ್ಟದ_ವೆಬಿನಾರ್ · 8:24

ಆನೆಯ ಸಹಿ ಹಾಕಿಸಿಕೊಂಡು ಬರಬೇಕಿತ್ತು. ಹೆಬ್ಬೆಟ್ಟಾದರೂ ಸರಿ.

ಘಾಟಿ_ಮಳೆ · 8:31

ನಗು ಬಿಡಿ, ನಾನು ಹೇಳಬೇಕಾಗಿದ್ದು ಬೇರೆ. ಆನ್‌ಲೈನ್ ಇದೆಯಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಮ್ಹಾನ್ಸಿನ ಎಕೋ ತರಗತಿಗೆ ಸೇರಿದ್ದೆ ನಾನು. ಒಳ್ಳೆಯ ಪದ್ಧತಿ. ಅವರು ಕೇಂದ್ರದಲ್ಲಿ, ನಾವು ಬೇರೆ ಬೇರೆ ಊರುಗಳಲ್ಲಿ. ಪಾಠ ಸ್ವಲ್ಪ, ಆಮೇಲೆ ನಮ್ಮಲ್ಲೇ ಒಬ್ಬರು ತಮ್ಮ ಕೇಸನ್ನು ಎಲ್ಲರ ಮುಂದೆ ಇಡಬೇಕು. ನನ್ನ ಸರದಿ ಬಂದ ದಿನ ಬೆಳಗ್ಗೆಯಿಂದ ಕರೆಂಟ್ ಇಲ್ಲ. ನೆಟ್‌ವರ್ಕ್ ಹುಡುಕಿಕೊಂಡು ಕೆರೆ ಏರಿ ಮೇಲೆ ಹೋದೆ. ಛತ್ರಿ ಒಂದು ಕೈಯಲ್ಲಿ, ಫೋನು ಇನ್ನೊಂದರಲ್ಲಿ. ‘ರೋಗಿಯ ವಯಸ್ಸು 34’ ಅನ್ನುವಷ್ಟರಲ್ಲಿ ಕಟ್ ಆಯಿತು. ಮತ್ತೆ ಸೇರಿಕೊಳ್ಳುವಷ್ಟರಲ್ಲಿ ಬೇರೆ ಯಾರದೋ ಕೇಸು ನಡೆಯುತ್ತಿತ್ತು.

ಕಡತ_ಗೋಪಾಲ · 8:45

ಆ ಎಕೋ ಪದ್ಧತಿ ಹುಟ್ಟಿದ್ದೇ ನಿಮ್ಮಂಥ ದೂರದ ಊರಿನವರಿಗಾಗಿ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಶುರು ಮಾಡಿದ್ದು, ಹೆಪಟೈಟಿಸ್ ಸಿ ರೋಗಿಗಳು ತಮ್ಮನ್ನು ನೋಡಲು ಮೈಲಿಗಟ್ಟಲೆ ಬರುವುದನ್ನು ನೋಡಲಾರದೆ. ಅಲ್ಲಿ ಕೆರೆ ಏರಿ ಇರಲಿಲ್ಲ ಅನಿಸುತ್ತದೆ.

ನಿವೃತ್ತ_ಮೇಡಂ · ಮಧ್ಯಾಹ್ನ 2:15

ಮೊಮ್ಮಗಳು ಈ ಚರ್ಚೆ ತೋರಿಸಿದಳು. ಅವಳೇ ಟೈಪ್ ಮಾಡುತ್ತಿದ್ದಾಳೆ, ತಪ್ಪಿದ್ದರೆ ಅವಳದು.

ಆಸ್ಪತ್ರೆಗಳಲ್ಲಿ ಸಮಾಜಕಾರ್ಯ ಮಾಡಿ ನಿವೃತ್ತಿ ಆದವಳು ನಾನು. ನಮ್ಮ ಕಾಲದಲ್ಲಿ ಈ ಗಂಟೆ, ಪಾಯಿಂಟು ಯಾವುದೂ ಇರಲಿಲ್ಲ. ಬುಧವಾರ ಮಧ್ಯಾಹ್ನ ಕೇಸ್ ಕಾನ್ಫರೆನ್ಸ್ ಅಂತ ಇತ್ತು. ಒಬ್ಬರು ಕೇಸು ಹೇಳುವುದು, ಉಳಿದವರು ಕೇಳುವುದು. ನಮ್ಮ ಮೇಲಿನವರ ಒಂದು ಕಟ್ಟುನಿಟ್ಟಿನ ನಿಯಮ: ಮೊದಲ ಇಪ್ಪತ್ತು ನಿಮಿಷ ಯಾರೂ ಸಲಹೆ ಕೊಡಕೂಡದು, ಪ್ರಶ್ನೆ ಮಾತ್ರ ಕೇಳಬೇಕು. ಸಲಹೆ ಕೊಟ್ಟವರು ಆ ದಿನದ ಚಹಾ ಕೊಡಿಸಬೇಕು. ನಾನು ಬೇಕಾದಷ್ಟು ಚಹಾ ಕೊಡಿಸಿದ್ದೇನೆ.

ಒಂದು ದಿನ ನನ್ನ ಕೇಸು. ಔಷಧಿ ಬಿಡುತ್ತಿದ್ದ ಹುಡುಗ. ಅಪ್ಪ ಬೇಜವಾಬ್ದಾರಿ, ಅಮ್ಮ ಅತಿ ಮುದ್ದು ಅಂತೆಲ್ಲ ಹೇಳಿದೆ. ಒಬ್ಬರು ಕೇಳಿದರು, "ಆ ಮನೆಯಲ್ಲಿ ಮಾತ್ರೆ ಎಲ್ಲಿ ಇಡುತ್ತಾರೆ?" ನನಗೆ ಗೊತ್ತಿರಲಿಲ್ಲ. ಮಾರನೇ ವಾರ ಹೋಗಿ ನೋಡಿದರೆ ದೇವರ ಗೂಡಿನಲ್ಲಿ. ಹುಡುಗ ಸ್ನಾನ ಮಾಡದೆ ಅದನ್ನು ಮುಟ್ಟುವಂತಿಲ್ಲ. ಕಾಯಿಲೆ ಜಾಸ್ತಿ ಆದಾಗ ಅವನು ಸ್ನಾನವನ್ನೇ ಮಾಡುತ್ತಿರಲಿಲ್ಲ. ಡಬ್ಬಿಯನ್ನು ಅಡುಗೆ ಮನೆ ಕಿಟಕಿಗೆ ತಂದಿಟ್ಟೆವು, ಅಷ್ಟೇ.

ನಿಮ್ಮಲ್ಲಿ ಎಂಟು ಹತ್ತು ಜನ ಇಲ್ಲೇ ಇದ್ದೀರಲ್ಲ. ಯಾರ ಅಪ್ಪಣೆಗೆ ಕಾಯುತ್ತಿದ್ದೀರಿ?

ಹೊಸಬ_ಕಡೂರು · 2:31

ಮೇಡಂ 🙏 ದೇವರ ಗೂಡು ನನ್ನ ತಲೆಗೆ ಹೊಳೆಯುತ್ತಲೇ ಇರಲಿಲ್ಲ.

ಬ್ರಿಸ್ಟಲ್_ಬೇಲೂರು · 3:40

ಇಂಗ್ಲೆಂಡಿನಲ್ಲಿ ಸೋಷಿಯಲ್ ವರ್ಕರ್ ನಾನು. ಇಲ್ಲಿ ಗಂಟೆಯ ಲೆಕ್ಕವೇ ಇಲ್ಲ. ನೋಂದಣಿ ಉಳಿಯಬೇಕಾದರೆ ಪ್ರತಿ ವರ್ಷ ನವೆಂಬರ್ 30ರೊಳಗೆ ಏನು ಕಲಿತೆ, ಕೆಲಸದಲ್ಲಿ ಏನು ಬದಲಾಯಿತು ಅಂತ ಕನಿಷ್ಠ ಎರಡು ಬರಹ ಹಾಕಬೇಕು. ಅದರಲ್ಲಿ ಒಂದನ್ನು ಇನ್ನೊಬ್ಬರ ಜೊತೆ ಕೂತು ಚರ್ಚೆ ಮಾಡಿರಬೇಕು. ಹೇಮಾವತಿ ಅಕ್ಕನ ಮೊದಲ ಪೋಸ್ಟ್ ಇದೆಯಲ್ಲ, 43 ಹಾಳೆಯದು, ಅದನ್ನು ಇಲ್ಲಿ ಹಾಕಿದರೆ ಒಂದು ಬರಹ ಆದಂತೆ.

ತೆಂಗಿನ_ಗರಿ · 4:05

ಎಲ್ಲ ಚೆಂದ. ಆದರೆ ಹಾಸನದ ಫಾರಂನ ಕಾಲಂನಲ್ಲಿ ‘ಗೆಳೆಯರ ಜೊತೆ ಮಾತಾಡಿದೆ’ ಅಂತ ಬರೆಯಲು ಆಗುತ್ತಾ? ಕಡ್ಡಾಯ ನಿಯಮ ಬೇಕೇ ಬೇಕು ಅನ್ನುವ ನನ್ನ ಮಾತು ಹಾಗೇ ಇದೆ. ಎರಡೂ ಇರಲಿ ಬೇಕಾದರೆ.

ಘಾಟಿ_ಮಳೆ · 4:18

ಬಿಡಿಸಿ ಹೇಳಿ ಹೇಮಾವತಿ ಮೇಡಂ. ಹಾಳೆಗೆ ಸಹಿ ಹಾಕಿಸುವುದು ಬೇಡ ಅಂದರೆ ಅದರ ಬದಲು ಈಗ ಏನು ಮಾಡುತ್ತೀರಿ? ಅದನ್ನು ಯಾರೂ ಕೇಳಲೇ ಇಲ್ಲವಲ್ಲ.

ಹೇಮಾವತಿ_ದಂಡೆ · ರಾತ್ರಿ 8:50

ಕೇಳಿದ್ದಕ್ಕೆ ಥ್ಯಾಂಕ್ಸ್. ನನಗೂ ಇನ್ನೂ ಪೂರ್ತಿ ಕೈ ಕುದುರಿಲ್ಲ.

ಅದಕ್ಕೆ ಸುರಕ್ಷತಾ ಯೋಜನೆ ಅನ್ನುತ್ತಾರೆ. ಸ್ಟ್ಯಾನ್ಲಿ, ಬ್ರೌನ್ ಅಂತ ಅಮೆರಿಕದ ಇಬ್ಬರು ರೂಪಿಸಿದ್ದು. ಮಾತು ಕೊಡು ಅನ್ನುವ ಬದಲು, ಕಷ್ಟದ ಗಳಿಗೆ ಬಂದಾಗ ಏನೇನು ಮಾಡಬೇಕು ಅಂತ ಅವರ ಮಾತಲ್ಲೇ ಒಟ್ಟಿಗೆ ಕೂತು ಬರೆಯುವುದು. ಆ ಗಳಿಗೆ ಹತ್ತಿರ ಬರುತ್ತಿದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ, ಒಬ್ಬರೇ ಇದ್ದಾಗ ಏನು ಮಾಡಿದರೆ ಮನಸ್ಸು ಸ್ವಲ್ಪ ಬೇರೆ ಕಡೆ ಹೋಗುತ್ತದೆ, ಯಾವ ಜಾಗಕ್ಕೆ, ಯಾರ ಬಳಿಗೆ ಹೋಗಬಹುದು, ಬಾಯಿಬಿಟ್ಟು ಸಹಾಯ ಕೇಳಬಹುದಾದವರು ಯಾರು, ಆಸ್ಪತ್ರೆಯ ನಂಬರ್, 14416ರ ಟೆಲಿ ಮಾನಸ್ ಸಹಾಯವಾಣಿ. ಕೊನೆಯದು, ಮನೆಯಲ್ಲಿರುವ ಅಪಾಯದ ವಸ್ತುವನ್ನು ದೂರ ಮಾಡುವುದು.

ಆ ಕೊನೆಯದರಲ್ಲೇ ನಾನು ಎಡವುತ್ತಿದ್ದೆ. ಆ ತರಗತಿ ಆದ ಮೇಲೆ ಒಬ್ಬ ಹುಡುಗಿಯ ಮನೆಗೆ ಮತ್ತೆ ಹೋದೆ. ಹಿಂದೆ ಅವಳಿಂದ ಸಹಿ ಹಾಕಿಸಿಕೊಂಡು ಬಂದ ಮನೆಯೇ. ಆವಾಗ ಅದೇ ಜಗುಲಿಯಲ್ಲಿ ಕೂತಿದ್ದೆ, ಅದೇ ಕುರ್ಚಿ. ಈ ಸಲ ಸುತ್ತ ನೋಡಿದೆ. ನನ್ನ ಕುರ್ಚಿಯ ಪಕ್ಕದಲ್ಲೇ, ಸ್ಪ್ರೇ ಕ್ಯಾನಿನ ಹಿಂದೆ, ತೋಟಕ್ಕೆ ಹೊಡೆಯುವ ಔಷಧಿ ಸಾಲಾಗಿ ಇತ್ತು. ಅಂದೂ ಇದ್ದಿರಬೇಕು. ನಾನು ಸಹಿ ಸರಿಯಾಗಿ ಬಿತ್ತಾ ಅಂತ ನೋಡುತ್ತಿದ್ದೆ.

ಅವರ ತಾತನಿಗೆ ಹೇಳಿದೆ. ಮೊದಲು ಒಪ್ಪಲಿಲ್ಲ, "ದಿನಾ ಬೇಕಾಗ್ತದವ್ವ, ಎಲ್ಲಿ ಇಡೋದು" ಅಂದರು. ಕೊನೆಗೆ ಹಳೇ ಟ್ರಂಕ್ ಒಂದನ್ನು ಪಂಪ್‌ಸೆಟ್ ಮನೆಯಲ್ಲಿಟ್ಟು ಬೀಗ ಹಾಕಿದರು. ಕೀಲಿ ಅವರ ಉಡಿದಾರದಲ್ಲಿ. ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಮಾತಾಡಲಿಲ್ಲ. ಆಮೇಲೆ ನನ್ನನ್ನು ಬಸ್ ಸ್ಟಾಪಿನ ತನಕ ಬಿಡಲು ಬಂದಳು.

43 ಹಾಳೆಯಲ್ಲಿ 17 ಮನೆಗೆ ಇಲ್ಲಿಯವರೆಗೆ ಮತ್ತೆ ಹೋಗಿದ್ದೇನೆ. ಕೆಲವರು ಊರು ಬಿಟ್ಟಿದ್ದಾರೆ.

ವೈದ್ಯ_ಚನ್ನರಾಯಪಟ್ಟಣ · 9:05

ಮೇಡಂ, ಒಂದು ಸೇರಿಸುತ್ತೇನೆ. ವಿಷ ಕುಡಿದವರನ್ನು ಕ್ಯಾಶುವಾಲ್ಟಿಗೆ ಕರೆತರುವವರು ಇವತ್ತಿಗೂ ‘ಗೊತ್ತಿಲ್ಲದೆ ಕುಡಿದುಬಿಟ್ಟ’ ಅಂತಲೇ ಬರೆಸುತ್ತಾರೆ, ಕೇಸ್ ಆಗಿ ಜೈಲು ಅಂತ ಹೆದರಿ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದ ಅಂತಲೇ ತಿಳಿಯಬೇಕು. 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ಐಪಿಸಿಯ 309 ಇಲ್ಲ. ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಮಾಡುತ್ತೇವೆ, ಅದು ಬೇರೆ. ನಿಮ್ಮ ಹಳೆಯ ನೋಟ್ಸ್‌ನಲ್ಲಿ 309 ಅಂತ ಇದ್ದರೆ ಹೊಡೆದುಹಾಕಿ. ನಮ್ಮ ಆಸ್ಪತ್ರೆಯ ಒಂದು ಪೋಸ್ಟರಿನಲ್ಲಿ ಮೊನ್ನೆಯವರೆಗೂ ಇತ್ತು.

ಹೊಸಬ_ಕಡೂರು · 9:14

ಹಾಗಾದರೆ ನಾವೇ ಒಂದು ವಾಟ್ಸಾಪ್ ಗುಂಪು ಮಾಡೋಣ. ದಿನಾ ಒಂದು ಕೇಸ್ ಶೀಟ್ ಫೋಟೊ ಹಾಕಿದರೆ ಎಲ್ಲರೂ ನೋಡಿ ಹೇಳಬಹುದು. ಈಗಲೇ ನನ್ನದೊಂದು ಇದೆ. ▒▒▒▒ ಹತ್ತಿರದ ▒▒▒▒ ಅಂಗಡಿಯವರ ಎರಡನೇ ಮಗ

[ಈ ಪೋಸ್ಟಿನ ಉಳಿದ ಭಾಗವನ್ನು ತೆಗೆಯಲಾಗಿದೆ. ಊರು, ಅಂಗಡಿ ಹೇಳಿದರೆ ಹೆಸರು ಹೇಳಿದ ಹಾಗೇ. – ನಿರ್ವಾಹಕ]

ನಿವೃತ್ತ_ಮೇಡಂ · 9:20

ತಮ್ಮಾ, ಫೋಟೊ ಬೇಡ. ಈ ಜಿಲ್ಲೆಗಳಲ್ಲಿ ಯಾರು ಯಾರಿಗೆ ಸಂಬಂಧಿಕರು ಅಂತ ಹೇಳಲು ಬರಲ್ಲ. ನಾನು ಒಮ್ಮೆ ಹೆಸರು ಬದಲಿಸಿ, ಊರು ಬದಲಿಸಿ ಒಂದು ಕೇಸು ಹೇಳಿದ್ದೆ. ಕೇಳುತ್ತಿದ್ದವರಲ್ಲಿ ಒಬ್ಬಳು ಆ ಹುಡುಗಿಯ ಚಿಕ್ಕಮ್ಮನ ನಾದಿನಿ.

ಹೊಸಬ_ಕಡೂರು · 9:22

ತಪ್ಪಾಯಿತು. ಇನ್ನು ಹಾಗೆ ಮಾಡಲ್ಲ.

ಲೈನ್‌ಮನೆ_ದಾರಿ · 9:30

ಮುಖಾಮುಖಿ ಸೇರೋಣ, ಪೇಪರ್ ಇಲ್ಲ, ಫೋಟೊ ಇಲ್ಲ. ಹಾಸನದವರಿಗೂ ಚಿಕ್ಕಮಗಳೂರಿನವರಿಗೂ ಮಧ್ಯೆ ಬೇಲೂರು. ಹಾಸನದಿಂದ ಸುಮಾರು 40 ಕಿಲೋಮೀಟರ್, ನಮಗೆ 25. ತಿಂಗಳಿಗೊಂದು ಭಾನುವಾರ. ಎರಡು ಗಂಟೆ, ಒಂದೇ ಕೇಸು.

ಘಾಟಿ_ಮಳೆ · 9:33

ಭಾನುವಾರ ಬೇಲೂರಿನಲ್ಲಿ ಟೂರಿಸ್ಟ್ ಬಸ್ಸು ನಿಲ್ಲಿಸಲೂ ಜಾಗ ಇರಲ್ಲ. ಬೇಗ ಸೇರಿದರೆ ಸರಿ. ಹಾಸನಾಂಬ ಬಾಗಿಲು ತೆಗೆದ ವಾರ ಮಾತ್ರ ಬೇಡ, ಹಾಸನದಿಂದ ಹೊರಗೆ ಬರುವುದೇ ಕಷ್ಟ.

ಕಾಫಿ_ಹೂವು · 9:36

ಬೆಳಗ್ಗೆ 9. ಚರಿತ್ರೆಯಲ್ಲಿ ಮೊದಲ ಸಲ ಬಲೂನು ಇಲ್ಲದ ಕಾರ್ಯಾಗಾರ.

ತೆಂಗಿನ_ಗರಿ · 9:41

ಬರುತ್ತೇನೆ. ಹಾಜರಿ ಪುಸ್ತಕ ಒಂದು ಇಡೋಣ. ನಾಳೆ ಪರಿಷತ್ತಿನವರು ಗಂಟೆ ಕೇಳಿದರೆ ತೋರಿಸಲು ಇರಲಿ. ನಗಬೇಡಿ, ನಾನು ನಿಜವಾಗಿಯೇ ಹೇಳುತ್ತಿದ್ದೇನೆ.

ಕಡತ_ಗೋಪಾಲ · 9:44

ಪುಸ್ತಕ ನಾನು ತರುತ್ತೇನೆ. ಹಾಜರಿ ಮಾತ್ರ, ಕೇಸಿನ ಬಗ್ಗೆ ಒಂದು ಅಕ್ಷರವೂ ಇರಲ್ಲ.

ಸಕಲೇಶಪುರದ_ಸ್ಯಾನ್‌ಹೋಸೆ · 9:50

ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೇನೆ, ನನಗೊಂದು ಕುರ್ಚಿ ಇಡಿ. ಸರ್ಟಿಫಿಕೇಟ್ ಬೇಡ.

ಹೇಮಾವತಿ_ದಂಡೆ · 10:02

ಮೊದಲ ಕೇಸು ನನ್ನದು. ಸಹಿ ಹಾಕಿದವರಲ್ಲಿ ಒಬ್ಬರು ನನ್ನನ್ನು ಮನೆಯೊಳಗೆ ಬಿಡುತ್ತಿಲ್ಲ. ಹೊಸಲಿನಲ್ಲೇ ನಿಲ್ಲಿಸಿ ಮಾತಾಡಿ ಕಳಿಸುತ್ತಾರೆ. ಎರಡು ಸಲ ಆಯಿತು. ಮೂರನೇ ಸಲ ಹೋಗುವ ಮುಂಚೆ ನಿಮ್ಮನ್ನೆಲ್ಲ ಕೇಳಬೇಕು.

ನಿವೃತ್ತ_ಮೇಡಂ · 10:06

ಮೊದಲ ಇಪ್ಪತ್ತು ನಿಮಿಷ ಪ್ರಶ್ನೆ ಮಾತ್ರ. ನೆನಪಿರಲಿ.

ರಾಜ್ಯಮಟ್ಟದ_ವೆಬಿನಾರ್ · 10:09

ಚಹಾದ ದುಡ್ಡು ನಾನು ಈಗಲೇ ಇಟ್ಟುಕೊಂಡಿರುತ್ತೇನೆ ಮೇಡಂ. ನನಗೆ ತಡೆಯಲು ಆಗಲ್ಲ.